ಗೊರಕೆ ಕೇಳಿ ನೆಮ್ಮದಿಯಾಗಿದ್ದೆವು

ಸಿಗ್ನಲ್ ಹಸಿರಾಯಿತು. ನಮ್ಮ ಸ್ಕೂಟರ್ ಮಾತ್ರ ಕದಲಲಿಲ್ಲ.

ಹಿಂದೆ ಆಟೋದವನ ಹಾರನ್ನೇ ಹಾರನ್. ಹಿಂದಿನ ಸೀಟಿನಲ್ಲಿದ್ದ ನಾನು ತಮ್ಮನ ಬೆನ್ನಿಗೊಂದು ಗುದ್ದಿದೆ. ಮಹೇಶನ ತಲೆ ಗಕ್ಕನೆ ಮೇಲೆದ್ದಿತು. ಬೆಳಗ್ಗೆ ಹನ್ನೊಂದು ಗಂಟೆ, ಸುಡುಬಿಸಿಲು, ಅಷ್ಟು ಗದ್ದಲ. ಈ ಪುಣ್ಯಾತ್ಮ ನಿದ್ದೆ ಹೊಡೆಯುತ್ತಿದ್ದ!

"ಏನೋ ಇದು?"

"ಏನಿಲ್ಲ ಕಣಕ್ಕಾ, ಏನೋ ಯೋಚ್ನೆ ಮಾಡ್ತಿದ್ದೆ."

ಮಹೇಶ ಕಡಕೊಳದ ಕಾರ್ಖಾನೆಯೊಂದರ ಬಸ್ ಡ್ರೈವರ್. ಮರುದಿನ ಬೆಳಗ್ಗೆ ನಲವತ್ತು ಜನರನ್ನು ಕೂರಿಸಿಕೊಂಡು ನಂಜನಗೂಡು ರಸ್ತೆಗಿಳಿಯಬೇಕು.

ಅವತ್ತು ನಾವು ಹೊರಟಿದ್ದು ಲಷ್ಕರ್ ಮೊಹಲ್ಲಾದ ಡಾಕ್ಟರ ಹತ್ತಿರ, ಶುಗರ್ ರಿಪೋರ್ಟ್ ತೋರಿಸಲು. ಆರು ತಿಂಗಳಿಂದ ಅವನ ಹೊಟ್ಟೆ ಮುಂದೆ ಬರುತ್ತಲೇ ಇದೆ. ದಟ್ಟಗಳ್ಳಿಯ ನಮ್ಮ ಮನೆಯಲ್ಲಿ ಅದಕ್ಕೆ ಮಾಡದ ಉಪಾಯವಿಲ್ಲ. ಅನ್ನ ಕಟ್, ಮುದ್ದೆ ಅರ್ಧ, ಸಕ್ಕರೆ ಡಬ್ಬಿ ಅಟ್ಟಕ್ಕೆ. (ಬೇಕರಿ ಬನ್ನು ಅವನ ಬ್ಯಾಗಿಗೆ. ಅದು ಆಮೇಲೆ ಗೊತ್ತಾಯಿತು.) ನಿದ್ದೆಯ ಬಗ್ಗೆ ಮಾತ್ರ ಯಾರಿಗೂ ಚಿಂತೆಯಿರಲಿಲ್ಲ. ಮಲಗಿದರೆ ಗೋಡೆ ಅದುರುವ ಗೊರಕೆ! "ಮೈಮರ್ತು ಮಲಗವ್ನೆ, ಟಿವಿ ಸಣ್ಣಗೆ ಮಾಡ್ರಿ" ಎಂದು ಅಮ್ಮ ಖುಷಿಪಡುತ್ತಿದ್ದಳು. ನಾನೂ ಅಷ್ಟೆ.

ಡಾಕ್ಟರು ರಿಪೋರ್ಟ್ ನೋಡಿದರು. ಶುಗರ್ ಇಳಿದಿಲ್ಲ, ತೂಕ ಏರಿದೆ.

"ನಿದ್ದೆ ಹೇಗಿದೆ?"

"ಫಸ್ಟ್‌ಕ್ಲಾಸ್ ಸಾರ್."

ಹಾಗೆಂದವನು ನನ್ನ ಕಡೆ ನೋಡಿದ. ಬಾಯಿ ಬಿಡಬೇಡ ಅಕ್ಕಾ ಎನ್ನುವ ನೋಟ. ಡ್ಯೂಟಿ ಹೋದರೆ? ಮನೆ ನಡೆಯುತ್ತಿರುವುದೇ ಅವನ ದುಡಿಮೆಯಿಂದ. ಸುಮ್ಮನಿದ್ದರೆ? ಆ ನಲವತ್ತು ಜನ? ಸ್ಟೀರಿಂಗ್ ಹಿಡಿದ ನನ್ನ ತಮ್ಮ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ನಾನು ಬಾಯಿ ಬಿಟ್ಟೆ. "ಸುಳ್ಳು ಡಾಕ್ಟ್ರೇ. ಈಗ ತಾನೇ ಸಿಗ್ನಲ್‌ನಲ್ಲಿ ಗಾಡಿ ಮೇಲೇ ನಿದ್ದೆ ಮಾಡ್ಬುಟ್ಟ." ಗೊರಕೆಯ ಪುರಾಣವನ್ನೂ ಬಿಚ್ಚಿದೆ.

"ಗೊರಕೆ ಮಧ್ಯೆ ಉಸಿರು ನಿಲ್ಲುತ್ತಾ?"

ನಿಲ್ಲುತ್ತಿತ್ತು. ಆಮೇಲೆ ಒಮ್ಮೆಲೇ ಶುರುವಾಗುತ್ತಿತ್ತು. ನಾವದಕ್ಕೆ ನಗುತ್ತಿದ್ದೆವು. ಛೆ!

"ಅದು ಒಳ್ಳೇ ನಿದ್ದೆ ಅಲ್ಲಮ್ಮ. ನಿದ್ದೆ ಕೆಟ್ರೆ ಹಸಿವೂ ಹದ ತಪ್ಪುತ್ತೆ, ತೂಕ ಏರುತ್ತೆ, ಶುಗರ್ ಮಾತು ಕೇಳಲ್ಲ. ತೂಕ ಏರಿದ್ರೆ ಗೊರಕೆ ಇನ್ನೂ ಜಾಸ್ತಿ. ನಿದ್ದೆ ಪರೀಕ್ಷೆ ಮಾಡಿ ನಾನು ಹೇಳೋವರೆಗೂ ಬಸ್ಸು, ಸ್ಕೂಟರ್ ಯಾವುದೂ ಬೇಡ." ಮತ್ತೆ ಅವನತ್ತ ತಿರುಗಿದರು. "ಮನಸ್ಸಲ್ಲಿ ಏನಾದ್ರೂ ಕೊರೀತಿದೆಯೇನಪ್ಪಾ?"

ಮಹೇಶ ತಲೆ ತಗ್ಗಿಸಿದ. "ಆರು ತಿಂಗಳ ಹಿಂದೆ ಸೈಕಲ್‌ನವ್ನೊಬ್ಬ ಬಸ್ಸಿಗೆ ಅಡ್ಡ ಬಂದ ಸಾರ್. ಸ್ವಲ್ಪದ್ರಲ್ಲಿ ಉಳ್ಕೊಂಡ. ಅವತ್ತಿಂದ ಕಣ್ಣು ಮುಚ್ಚಿದ್ರೆ ಅದೇ. ಎಚ್ಚರ ಆದಾಗೆಲ್ಲ ಬನ್ನು ತಿಂತೀನಿ. ತಿಂದ್ರೆ ಒಸಿ ಸಮಾಧಾನ."

ಒಂದೇ ಸೂರಿನಡಿ ಇದ್ದೂ ನನಗಿದು ಗೊತ್ತಿರಲಿಲ್ಲ.

ಹೊರಗೆ ಬಂದು ಕೈ ಚಾಚಿದೆ. ಸ್ಕೂಟರ್ ಕೀ ಕೊಟ್ಟ. ಸೂಪರ್‌ವೈಸರ್‌ಗೆ ಅವನೇ ಫೋನ್ ಮಾಡಿ, ನಾಳೆಯಿಂದ ಬಸ್ ಓಡಿಸಲಾಗದು ಎಂದ.

"ಸಿಟ್ಟೇನೋ ನನ್ಮೇಲೆ?" ಎಂದೆ.

"ಹೇಳಿದ್ದಕ್ಕಲ್ಲ ಕಣಕ್ಕಾ. ಆರು ತಿಂಗಳಿಂದ ದಿನಾ 'ಊಟ ಆಯ್ತೇನೋ' ಅಂತ ಕೇಳ್ದೆ. ಒಂದಿನ ಆದ್ರೂ 'ನಿದ್ದೆ ಬಂತೇನೋ' ಅಂದ್ಯಾ?"