ಹುಡುಗರ ಅರ್ಜಿ ಮೊದಲು

ಡೀನ್ ಸರ್ ಅವರ ಎಡಗಿವಿ ಪೂರ್ತಿ ಕಿವುಡು. ಯಾರಾದರೂ ಮಾತಾಡಲು ಬಂದರೆ ಬಲಗೈಯನ್ನು ಬಲಗಿವಿಯ ಹಿಂದೆ ದೊನ್ನೆಯ ಹಾಗೆ ಹಿಡಿದು, ಕುತ್ತಿಗೆ ಓರೆ ಮಾಡಿ ಕೇಳುತ್ತಿದ್ದರು. ಅವರ ಮೇಜಿನ ಬಲಕ್ಕೊಂದು, ಎಡಕ್ಕೊಂದು ಕುರ್ಚಿ. ಬಲಗಡೆಯದು ವಿದ್ಯಾರ್ಥಿಗಳಿಗೆ, ಎಡಗಡೆಯದು ಪ್ರಾಧ್ಯಾಪಕರಿಗೆ. ಒಬ್ಬ ಹಿರಿಯ ಪ್ರಾಧ್ಯಾಪಕರು ಇದನ್ನು ಆಕ್ಷೇಪಿಸಿದಾಗ ಸರ್ ನಕ್ಕರು. "ನಿಮ್ಮ ದನಿ ಕಿವುಡಗೂ ಕೇಳತೈತಿ ಬಿಡ್ರಿ. ಹುಡುಗರದು ಈ ಖೋಲಿಗೆ ಬಂದ ಕೂಡಲೇ ಇಳೀತೈತಿ."

ನಾನು ಬೆಟಗೇರಿಯ ನೇಕಾರರ ಮನೆಯವಳು. ಊರ ಹೊರಗಿನ ಒಂದು ಚಿಕ್ಕ ಖಾಸಗಿ ವಿಶ್ವವಿದ್ಯಾಲಯದಲ್ಲಿ, ಅವರ ಕಚೇರಿಗೆ ಗುಮಾಸ್ತೆಯಾಗಿ ಸೇರಿದಾಗ ಮಗ್ಗದ ಮೇಲಿಂದಲೇ ಅಪ್ಪ ಕೇಳಿದ್ದ, "ಡೀನ್ ಅಂದ್ರ ಪ್ರಿನ್ಸಿಪಾಲರಿಗಿಂತ ದೊಡ್ಡಾವರೇನವಾ?" ಏನು ಕಲಿಸಬೇಕು, ಯಾರು ಕಲಿಸಬೇಕು, ಪರೀಕ್ಷೆ ಹೇಗೆ ನಡೆಯಬೇಕು, ಇದೆಲ್ಲ ಅವರದೇ ಹೊಣೆ ಎಂದೆ. "ಹಂಗಾರ ಗಾಡಿ, ಬಂಗಲೆ ಐತೇನು?" ಎಂದ. ಎರಡೂ ಇರಲಿಲ್ಲ. ಲಕ್ಷ್ಮೇಶ್ವರದಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ಕೈಚೀಲದಲ್ಲಿ ರೊಟ್ಟಿಯ ಗಂಟು.

ಹೊಸ ಕಟ್ಟಡದ ಕಡತ ಅವರ ಮೇಜಿನ ಮೇಲೆ ಹದಿನೈದು ದಿನ ಕೊಳೆಯುತ್ತಿತ್ತು. ಹುಡುಗರ ಅರ್ಜಿಗೆ ಮೆಟ್ಟಿಲ ಮೇಲೆ ನಿಂತು ಸಹಿ ಮಾಡುತ್ತಿದ್ದರು. ಪಠ್ಯಕ್ರಮದ ಸಭೆಯಲ್ಲಿ ಯಾರು ಏನು ಮಂಡಿಸಿದರೂ ಒಂದೇ ಪ್ರಶ್ನೆ, "ಹಿಂದಿನ ಬೆಂಚಿನ ಹುಡುಗಗ ಇದರಾಗ ಏನ್ ಸಿಗತೈತಿ?" ಡೀನ್ ಆದ ಮೇಲೂ ಬೆಳಗಿನ ಮೊದಲ ತಾಸಿನ ಪಾಠ ಬಿಟ್ಟಿರಲಿಲ್ಲ. ಕುಲಪತಿಗಳಿಗೆ ಇದೊಂದು ತಲೆನೋವು. ದೇವರಂಥ ಮನುಷ್ಯ ಎಂದು ನಾನೇನೂ ಹೇಳುವುದಿಲ್ಲ. ಬಹಳ ಸಿಟ್ಟು. ಹಳೇ ಟಿಪ್ಪಣಿ ಓದಿ ಪಾಠ ಮುಗಿಸುವವರನ್ನು ಕಾರಿಡಾರಿನಲ್ಲೇ ಝಾಡಿಸುತ್ತಿದ್ದರು. ನಾನೂ ಬೈಸಿಕೊಂಡು ಎಷ್ಟೋ ಸಲ ಬಚ್ಚಲಿಗೆ ಹೋಗಿ ಅತ್ತಿದ್ದೇನೆ.

ಕೆಲಸಕ್ಕೆ ಸೇರಿದ ಮೊದಲ ದಿನವೇ ಹೇಳಿದ್ದರು, "ತಂಗೀ, ಹುಡುಗರ ಅರ್ಜಿ ಬಂತಂದ್ರ ಸಹಿ ಇಲ್ಲ, ಶಿಕ್ಕಾ ಇಲ್ಲ ಅಂತ ತಿರುಗಿ ಕಳಿಸಬ್ಯಾಡ. ಇಸ್ಕೊಂಡು ನನ್ನ ಕೈಯಾಗ ಕೊಡು. ಯಾರ ಸಹಿ ಬೇಕೋ ನಾ ಮಾಡಸ್ತೀನಿ."

ಐದು ವರ್ಷ ಹಾಗೇ ಮಾಡಿದೆ. ಒಂದು ಸಲ ಮಾತ್ರ ಮಾಡಲಿಲ್ಲ.

ಪರಿಶೀಲನಾ ಸಮಿತಿ ಬರುವ ವಾರ. ಕಚೇರಿ ತುಂಬ ಕಾಗದ, ತಲೆ ಎತ್ತಲು ಪುರುಸೊತ್ತಿಲ್ಲ. ಹಿರೇವಡ್ಡಟ್ಟಿಯ ಒಬ್ಬ ಹುಡುಗಿ ಅರ್ಜಿ ಹಿಡಿದು ಬಂದಳು. ತಾಯಿಗೆ ಆಪರೇಷನ್ ಆಗಿ ತಿಂಗಳುಗಟ್ಟಲೆ ಆರೈಕೆಗೆ ನಿಂತಿದ್ದಳಂತೆ, ಹಾಜರಿ ಕಡಿಮೆಯಾಗಿದೆ, ಪರೀಕ್ಷೆಗೆ ಕೂರಲು ಬಿಡಬೇಕು. ಡಾಕ್ಟರ ಚೀಟಿಯೂ ಜೊತೆಗಿತ್ತು. ನಾನು ಅರ್ಜಿಯ ಕೆಳಗೆ ನೋಡಿದೆ. "ನಿಮ್ಮ ವಿಭಾಗದ ಮುಖ್ಯಸ್ಥರ ಸಹಿ ಎಲ್ಲೈತಿ? ಮಾಡಿಸ್ಕೊಂಡು ಬಾ."

"ಅವರು ರಜಾದಾಗ ಅದಾರ್ರಿ ಮೇಡಂ."

"ಹಂಗಾರ ಬಂದಮ್ಯಾಲ ಬಾ."

ಅವಳು ಅರ್ಜಿ ಮಡಚಿಕೊಂಡು ಹೊರಟುಹೋದಳು. ಒಳಗೆ ಹತ್ತು ಹೆಜ್ಜೆ ದೂರದಲ್ಲಿ ಸರ್ ಕೂತಿದ್ದರು. ಮೂರು ದಿನ ಬಿಟ್ಟು, ಹಾಜರಿ ಸಾಲದೆ ಪರೀಕ್ಷೆಗೆ ಕೂರುವಂತಿಲ್ಲದವರ ಯಾದಿಯನ್ನು ಸಮಿತಿಯ ಕಾಗದಗಳ ನಡುವೆ ಸಹಿಗೆ ಇಟ್ಟೆ. ಅದರಲ್ಲಿ ಅವಳ ಹೆಸರೂ ಇತ್ತು. ಎಂದೂ ಓದದೆ ಸಹಿ ಮಾಡದವರು ಅವತ್ತು ಆ ಗಡಿಬಿಡಿಯಲ್ಲಿ ಮಾಡಿಬಿಟ್ಟರು.

ಪರೀಕ್ಷೆಯ ಮೊದಲ ದಿನ ಸರ್ ಕೋಣೆ ಕೋಣೆ ಸುತ್ತುತ್ತ ಖಾಲಿ ಜಾಗ ಕಂಡಲ್ಲೆಲ್ಲ ವಿಚಾರಿಸಿದರು. ಆ ಹುಡುಗಿಯ ತಾಯಿಯ ವಿಷಯ ಗೆಳತಿಯೊಬ್ಬಳಿಂದ ತಿಳಿಯಿತು. ಮರುದಿನವೇ ಬಸ್ಸು ಹತ್ತಿ ಹಿರೇವಡ್ಡಟ್ಟಿಗೆ ಹೋದರು. ಹುಡುಗಿ ಒಳಗಿನಿಂದ ಹೊರಗೇ ಬರಲಿಲ್ಲವಂತೆ. ಅವಳ ಅಪ್ಪ, "ಬ್ಯಾಡ ಬಿಡ್ರಿ ಸರ, ಆಕಿ ಮನಸ ಮುರದೈತಿ. ಇನ್ನ ಸಾಲಿ, ಓದು ಸಾಕಂತಾಳ" ಎಂದನಂತೆ.

ತಿರುಗಿ ಬಂದವರು ಚೀಲ ಕೆಳಗಿಡುವ ಮುಂಚೆ ನನ್ನನ್ನು ಕರೆದರು. ಮುಖ ಸಣ್ಣದಾಗಿತ್ತು. "ತಂಗೀ, ಆ ಹುಡುಗಿ ಅರ್ಜಿ ಏನರ ಬಂದಿತ್ತೇನು?"

"ಇಲ್ರಿ ಸರ್" ಎಂದೆ.

ಅರ್ಜಿಗಳ ರಿಜಿಸ್ಟರಿನಲ್ಲಿ ನಮೂದಿಲ್ಲ, ಹಾಗಾಗಿ ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳೇ.

ಮುಂದಿನ ಶೈಕ್ಷಣಿಕ ಮಂಡಳಿಯ ಸಭೆಯಲ್ಲಿ ಎಲ್ಲರೆದುರು ಎದ್ದುನಿಂತು ಹೇಳಿದರು, "ಹೆಸರು ಓದದೇ ಸಹಿ ಮಾಡಿದಾಂವ ನಾನು. ಒಂದು ಹುಡುಗಿ ಓದು ನಿಂತದ್ದು ನನ್ನ ಕೈಯಿಂದ. ಬರಕೋರಿ." ನಡಾವಳಿ ಬರೆದುಕೊಳ್ಳುತ್ತಿದ್ದವಳು ನಾನೇ. ಬರೆದುಕೊಂಡೆ. ಅವಳನ್ನು ಮತ್ತೆ ಸೇರಿಸಿಕೊಳ್ಳಲು ಎರಡು ಪತ್ರ ಹಾಕಿಸಿದರು. ಅವಳು ಬರಲಿಲ್ಲ. ಅಲ್ಲಿಂದ ಮುಂದೆ ಆ ಯಾದಿ ಬಂದರೆ ಒಬ್ಬೊಬ್ಬರನ್ನೂ ಕರೆಸಿ, ಬಲಗಡೆ ಕೂರಿಸಿಕೊಂಡು, ಮಾತಾಡಿಸಿಯೇ ಸಹಿ ಮಾಡುತ್ತಿದ್ದರು. ಹೇಳಬೇಕು ಎಂದು ಎಷ್ಟೋ ಸಲ ಬಾಗಿಲ ತನಕ ಹೋಗಿ, ಬೇರೆ ಏನಾದರೂ ಕೇಳಿ ಬಂದಿದ್ದೇನೆ.

ಎರಡು ವರ್ಷವಾದ ಮೇಲೆ, ನಿವೃತ್ತಿಗೆ ಇನ್ನೂ ದಿನಗಳಿರುವಾಗ, ಎದೆನೋವು ಎಂದು ಆಸ್ಪತ್ರೆ ಸೇರಿದವರು ತಿರುಗಿ ಬರಲಿಲ್ಲ. ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರೆಲ್ಲ ಆ ಒಂದು ಸಂಗತಿಯನ್ನೇ ಹೇಳಿದರು. ಇಂಥ ದೊಡ್ಡ ಹುದ್ದೆಯಲ್ಲಿದ್ದು ತನ್ನ ತಪ್ಪನ್ನು ತಾನೇ ಒಪ್ಪಿಕೊಂಡ ಮನುಷ್ಯ ಎಂದರು. ನನಗೆ ಕೂರಲಾಗಲಿಲ್ಲ.

ದಿನಕರ್ಮ ಮುಗಿದ ಮೇಲೆ ಲಕ್ಷ್ಮೇಶ್ವರಕ್ಕೆ ಹೋದೆ. ಅವರ ಹೆಂಡತಿ ಚಹಾ ಕೊಟ್ಟರು. ಲೋಟ ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಹೇಳಿದೆ. ಹುಡುಗಿ ಬಂದದ್ದು, ನಾನು ತಿರುಗಿ ಕಳಿಸಿದ್ದು, ಸರ್ ಕೇಳಿದಾಗ ಇಲ್ಲ ಎಂದದ್ದು. ಬಿಕ್ಕಿ ಬಿಕ್ಕಿ ಅತ್ತೆ.

ಅವರು ಬೈಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು.

"ಎರಡ್ ವರ್ಷ ಅವರು ಆಕಿ ಹೆಸರು ತಗೀದ ದಿನ ಇಲ್ಲವ್ವಾ. ಉಣ್ಣಾಕ ಕುಂತವರು, ಯಾದಿ ಓದಿದ್ದರ ಆಕಿ ಉಳೀತಿದ್ಲು ಅಂತ, ಅರ್ಧಕ್ಕ ಎದ್ದು ಹೋಗತಿದ್ರು. ನೀ ಆಗ ಹೇಳಿದ್ದರ ನಿನ್ನ ಬೈತಿದ್ರು. ಒಂದ್ ದಿನ ಬೈತಿದ್ರು. ಆಮ್ಯಾಲ ಉಣತಿದ್ರು."

ನಾನು ಹೆದರಿದ್ದು ಆ ಒಂದು ದಿನದ ಬೈಗುಳಕ್ಕೆ.