ಕೀರ್ತನಾಳ ಬೆನ್ನು ಹತ್ತಿದ ಕೋಚ್

ನೆಟ್ಟಗೆ ನಡೆಯುವ ಮೊದಲೇ ತನ್ನೂರು ಹಲವಾಗಲಿನ ಹೊಳೆಯಲ್ಲಿ ಈಜು ಕಲಿತವಳು ಕೀರ್ತನಾ. ಡಿಗ್ರಿ ಓದಲು ಹರಪನಹಳ್ಳಿಗೆ ಬಂದು ಹಾಸ್ಟೆಲ್ ಸೇರಿದಳು. ಊರೇನೋ ದೊಡ್ಡದು, ಆದರೆ ಅವಳ ಪಾಲಿಗೆ ಸಿಕ್ಕ ನೀರು ಎರಡೇ ಬಕೆಟ್. ಕಾಲೇಜುಗಳ ಈಜು ಸ್ಪರ್ಧೆಗೆ ಹೆಸರು ಬೇರೆ ಕೊಟ್ಟಾಗಿತ್ತು. ಬಕೆಟ್ಟಿನಲ್ಲಿ ಎಷ್ಟು ಕೈ ಬೀಸಿದರೂ ಮುಂದೆ ಹೋಗುವುದು ಮಗ್ಗು ಮಾತ್ರ! ಕಂಡಕಂಡವರನ್ನೆಲ್ಲ ಕೇಳಿ, ಕಡೆಗೆ ಊರಾಚೆ ಮೆಕ್ಕೆಜೋಳದ ಹೊಲದ ಪಕ್ಕ ಒಂದು ದೊಡ್ಡ ಹೊಂಡ ಹುಡುಕಿದಳು.

ಮೊದಲ ದಿನ ಬೆಳಿಗ್ಗೆ ಧುಮುಕಿದವಳೇ ಚಳಿಗೆ ಹಲ್ಲು ಕಟಕಟಿಸಿ, "ಹುರ್ರ್ರಾ!" ಎಂದು ಕಿರುಚಿಬಿಟ್ಟಳು.

ಅದೇ ತಪ್ಪಾಯಿತು. ಆಚೆ ದಡದಲ್ಲಿ ಕುರಿಗಾರ ಅಜ್ಜಯ್ಯ, ಉಣ್ಣೆ ಕತ್ತರಿಸುವ ಮುಂಚೆ ತೊಳೆಯಲೆಂದು ಕುರಿಗಳನ್ನು ಒಂದೊಂದಾಗಿ ಕಿವಿ ಹಿಡಿದು ನೀರಿಗೆಳೆಯುತ್ತಿದ್ದ. ಅವನು ಹಿಂಡನ್ನು ಕರೆಯುವ ಕೂಗೂ "ಹುರ್ರ್ರಾ"ನೇ. ಆ ಕೂಗು ನೀರಿನೊಳಗಿಂದ ಬಂದದ್ದೇ ತಡ, ಟಗರು ಹಾರಿತು. ಅದರ ಹಿಂದೆ ಎಂಬತ್ತು ಕುರಿಗಳೂ ದಬದಬ ಬಿದ್ದವು. ಕೀರ್ತನಾ ಜೀವ ಕೈಯಲ್ಲಿ ಹಿಡಿದು ಈಜಿದಳು.

ಬೈಗುಳಕ್ಕೆ ತಯಾರಾಗಿಯೇ ದಡ ಹತ್ತಿದರೆ, ಅಜ್ಜಯ್ಯ ಕೈಮುಗಿದು ನಿಂತಿದ್ದ.

"ಯವ್ವಾ, ದಿನಪೂರ್ತಿ ಹಿಡಿಯೋ ಕೆಲಸ ಒಂದು ಚಣಕ್ಕ ಮುಗಿಸಿಬಿಟ್ಟಿ! ನಾಳಿಗೆ ನಮ್ಮ ತಮ್ಮನ ಹಿಂಡು ಐತಿ, ನಾಡಿದ್ದು ಬೀಗರದ್ದು. ತಪ್ಪಿಸಬ್ಯಾಡ, ಬಾ."

ತಿಂಗಳ ನಂತರ ಸ್ಪರ್ಧೆಯಲ್ಲಿ ಅವಳು ಎಲ್ಲರಿಗಿಂತ ಮೊದಲು ಗೋಡೆ ಮುಟ್ಟಿದಾಗ ಕಾಲೇಜಿನ ಪಿ.ಟಿ. ಮೇಷ್ಟ್ರು ಕಣ್ಣರಳಿಸಿದರು.

"ನಿನ್ನ ಕೋಚ್ ಯಾರವ್ವಾ?"

"ದಿನಕ್ಕೊಂದು ಟಗರ್ರಿ ಸರ್," ಎಂದಳು ಕೀರ್ತನಾ. "ಕೋಡು ಮುಂದ ಮಾಡ್ಕೊಂಡು ಹಿಂದಿಂದನೇ ಬರ್ತಿದ್ವು."