ಡೋರೀನ್ ಬರೆದ ಬಲಗಾಲು

ಟೊಲೀಡೊದ ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಮುಖ ನೋಡದೆ ಕಾಲನ್ನಷ್ಟೇ ಮುಟ್ಟಿ ಅದು ಯಾರದೆಂದು ಹೇಳಬಲ್ಲವಳು ಡೋರೀನ್ ವಾರ್ಗೋ ಒಬ್ಬಳೇ. ಹೆಬ್ಬೆರಳಿಟ್ಟು ಒತ್ತಿದಳೆಂದರೆ ಸ್ನಾಯು ತಾನಾಗಿ ಬಾಯಿಬಿಡುತ್ತಿತ್ತು. ‘ನಿನ್ನೆ ಮೆಟ್ಟಿಲು ಇಳಿಯುವಾಗ ಜಾರಿದೆಯಲ್ಲ?’ ಎಂದು ಆಕೆ ಕೇಳಿದರೆ, ನೂರಿಪ್ಪತ್ತು ಕಿಲೋ ತೂಕದ ಆಳು ಹೋಂವರ್ಕ್ ಮಾಡದೆ ಬಂದವನಂತೆ ತಲೆ ತಗ್ಗಿಸುತ್ತಿದ್ದ. ಇಪ್ಪತ್ತೆರಡು ವರ್ಷ ಆಟಗಾರರ ಮೈಕೈ ನೋಡಿಕೊಳ್ಳುವ ಕೋಣೆಯ ಯಜಮಾನಿಕೆ ಆಕೆಯದು. ನನ್ನ ಮೇಜು ಆಕೆಯ ಪಕ್ಕದ್ದು. ಕಣಕಾಲಿಗೆ ಟೇಪು ಸುತ್ತುವುದನ್ನು ಆಕೆ ನನಗೆ ಕಲಿಸಿದ್ದು, ಮೂರು ವರ್ಷ ಬೈದು.

ಡೋರೀನಳ ಅಪ್ಪ ಗಾಜಿನ ಕಾರ್ಖಾನೆಯಲ್ಲಿದ್ದವರು. ನದಿಯ ಆಚೆ ದಡದ ಹಂಗೇರಿಯವರ ಕೇರಿಯಲ್ಲಿ ಮನೆ, ಸನ್ಯಾಸಿನಿಯರು ನಡೆಸುವ ಶಾಲೆ. ಆ ಶಾಲೆಯಲ್ಲಿ ಅಕ್ಷರ ಸೊಟ್ಟಗಾದರೆ ಗೆಣ್ಣಿನ ಮೇಲೆ ಒಂದು ಏಟು, ಸುಳ್ಳು ಹೇಳಿದರೆ ಅಂಗೈ ಮೇಲೆ ಎರಡು. ಅಂಥ ಶಾಲೆಯಲ್ಲಿ ಓದಿದವರಿಗೆ ಗೊತ್ತು, ಗೆಣ್ಣಿನ ಪಾಠ ಕಡೆತನಕ ಉಳಿಯುತ್ತದೆ. ಡೋರೀನಳ ಅಕ್ಷರ ಈಗಲೂ ಅಚ್ಚು ಹಾಕಿದಂತಿದೆ. ಅಂಗೈಯ ಪಾಠವೂ ಹನ್ನೊಂದು ತಿಂಗಳು ಸರಿಯಾಗಿಯೇ ಉಳಿಯುತ್ತಿತ್ತು. ಆಗಸ್ಟ್ ಬಂದರೆ ಮಾತ್ರ ಸಡಿಲವಾಗುತ್ತಿತ್ತು.

ಆಗಸ್ಟ್ ಎಂದರೆ ನಮ್ಮಲ್ಲಿ ತರಬೇತಿ ಶಿಬಿರದ ಕಾಲ, ಹಾಗೆಯೇ ಕರಾರಿನ ಕಾಲ. ಮೈದಾನದ ಅಂಚಿನಲ್ಲಿ ಗಾಳಿಯ ಹಾಗೆ ಓಡಿ, ದೂರದಿಂದ ಎಸೆದ ಚೆಂಡನ್ನು ಹಿಡಿಯುವ ರಿಸೀವರುಗಳಿಗಂತೂ ಆ ತಿಂಗಳು ಮೈಮೇಲೆ ಬಂದ ಹಾಗೆ. ಬೇರೆ ಯಾವುದೋ ಊರಿನ ರಿಸೀವರಿಗೆ ಹೊಸ ಕರಾರು ಸಿಕ್ಕಿತೆಂದು ಸುದ್ದಿ ಬಂದರೆ ಸಾಕು, ನಮ್ಮವರಿಗೆ ಊಟ ಸೇರುವುದಿಲ್ಲ. ಮುನಿಸಿಕೊಂಡು ಮನೆಯಲ್ಲಿ ಕೂರೋಣವೆಂದರೆ ದಿನಕ್ಕೊಂದು ದಂಡ, ಅದೂ ಒಂದು ಒಳ್ಳೆಯ ಕಾರಿನ ಬೆಲೆಯಷ್ಟು. ಮೈದಾನಕ್ಕಿಳಿದು ಆಡೋಣವೆಂದರೆ, ಕಾಲು ಮುರಿದರೆ ಕರಾರೂ ಮುರಿಯುತ್ತದೆ. ಆದ್ದರಿಂದ ಮಧ್ಯದ ದಾರಿ. ಶಿಬಿರಕ್ಕೆ ಬರುವುದು, ಅಗಲ ಟೋಪಿ ಹಾಕಿಕೊಂಡು ನೆರಳಿನಲ್ಲಿ ನಿಲ್ಲುವುದು, ‘ತೊಡೆಯ ಹಿಂದಿನ ಸ್ನಾಯು ಬಿಗಿದಿದೆ’ ಎನ್ನುವುದು. ಕರಾರಿಗೂ ತಕರಾರಿಗೂ ನಡುವೆ ಇರುವುದು ಒಂದು ‘ತ’. ನಮ್ಮ ಊರಿನಲ್ಲಿ ಆ ‘ತ’ ಎಂದರೆ ತೊಡೆ.

ಪ್ರತಿ ಬೆಳಿಗ್ಗೆ ಎಂಟಕ್ಕೆ ಡೋರೀನ್ ಒಂದು ಹಾಳೆ ಬರೆದು ಮೇಲಿನ ಮಹಡಿಗೆ ಕಳಿಸಬೇಕು. ಯಾರಿಗೆ ಎಲ್ಲಿ ನೋವು, ಎಷ್ಟು ದಿನ ಎಂಬ ಹಾಳೆ. ಕರಾರಿಗೆ ಕಾಯುವವರ ಹೆಸರಿನ ಮುಂದೆ ಆಕೆ ಮುತ್ತಿನಂಥ ಅಕ್ಷರದಲ್ಲಿ ‘ಎಡ ತೊಡೆ, ಬಿಗಿತ’ ಎಂದು ಬರೆದು ಸಹಿ ಹಾಕುತ್ತಿದ್ದಳು. ಅದು ಸುಳ್ಳೆಂದು ಕೋಚ್‌ಗಳಿಗೆ ಗೊತ್ತು, ಪತ್ರಿಕೆಯವರಿಗೆ ಗೊತ್ತು, ಮೇಲಿನ ಮಹಡಿಯಲ್ಲಿ ಕರಾರು ಕುದುರಿಸುವ ಮ್ಯಾನೇಜರ್ ರಸ್ ಡೆಗ್ನರ್‌ನಿಗೂ ಗೊತ್ತು. ಮೇಲೆ ಪೆನ್ನು ಓಡಿದ ಮರುದಿನ ಕೆಳಗೆ ತೊಡೆಯೂ ಓಡುತ್ತಿತ್ತು. ಯಾರಿಗೂ ನಷ್ಟವಿರಲಿಲ್ಲ.

ಆ ವರ್ಷ ಟೋಪಿ ಹಾಕಿಕೊಂಡು ನಿಂತವನು ಜವಾರಿಸ್ ಟಾಲಿವರ್. ಅಲಬಾಮಾದ ಹತ್ತಿ ಸೀಮೆಯವನು. ಹೆಸರಿನಲ್ಲಷ್ಟೇ ಅಲ್ಲ, ಮಾತಿನಲ್ಲೂ ಜವಾರಿ. ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವಾಗ ಐದನೇ ಸುತ್ತಿನವರೆಗೂ ಯಾರಿಗೂ ಬೇಡವಾಗಿ ನಮ್ಮ ಪಾಲಿಗೆ ಬಂದವನು ಮೂರು ವರ್ಷ ಅತಿ ಕಡಿಮೆ ಸಂಬಳಕ್ಕೆ ಆಡಿ, ಹಿಂದಿನ ವರ್ಷ ಎಪ್ಪತ್ತೊಂದು ಚೆಂಡು ಹಿಡಿದಿದ್ದ. ಈಗ ಅವನ ಪರವಾಗಿ ಫಿಲ್ ಆರ್ಬಾಕ್ ಎಂಬ ಏಜೆಂಟ್ ಒಂಬತ್ತು ದಿನದಿಂದ ರಸ್ ಜೊತೆ ಎಳೆದಾಡುತ್ತಿದ್ದ. ಒಂಬತ್ತನೆಯ ದಿನ ಸಂಜೆ ಒಪ್ಪಂದವಾಯಿತು. ಮೂರು ವರ್ಷ, ಇಪ್ಪತ್ತೇಳು ಮಿಲಿಯನ್ ಡಾಲರ್. ಮಾರನೆಯ ದಿನ ಹನ್ನೆರಡಕ್ಕೆ ಡಾಕ್ಟರ ತಪಾಸಣೆ, ಎರಡಕ್ಕೆ ಸಹಿ. ಇಂಥ ಕರಾರು ರಿಸೀವರಿನ ಬದುಕಿನಲ್ಲಿ ಒಂದು ಸಲ ಬಂದರೆ ಹೆಚ್ಚು. ಇನ್ನೊಂದು ಬರುವಷ್ಟರಲ್ಲಿ ಕಾಲಿಗೆ ವಯಸ್ಸಾಗಿರುತ್ತದೆ.

ಆ ದಿನ ಬೆಳಿಗ್ಗೆ ಆರೂವರೆಗೆ ಜವಾರಿಸ್ ಕುಂಟುತ್ತ ಬಂದ. ಹೊರಗಿನ ಓಣಿಯಲ್ಲಿ ಯಾರೋ ಚಪ್ಪಾಳೆ ತಟ್ಟಿ, ‘ಸಾಕು ಬಿಡಪ್ಪಾ, ನಾಟಕ ಮುಗೀತು, ದುಡ್ಡು ಬಂತಲ್ಲ’ ಎಂದರು. ಅವನು ನಗಲಿಲ್ಲ.

‘ಮಿಸ್ ಡೋರೀನ್, ಅದು ನಿಜ ಆಗೋಯ್ತು.’

‘ಯಾವುದು ನಿಜ ಆಯ್ತು ಮಗಾ?’

‘ನೀವು ಬರೀತಿದ್ರಲ್ಲ, ಅದು.’

ಡೋರೀನ್ ಕಾಫಿ ಲೋಟ ಕೆಳಗಿಟ್ಟಳು. ವಿಷಯ ಇಷ್ಟೇ. ಒಂಬತ್ತು ದಿನವೂ ಇವನು ಹಗಲು ನಮ್ಮೆದುರು ಕುಂಟುತ್ತ, ಬೆಳಗಾಗುತ್ತಲೇ ನದಿಯಾಚೆಯ ಹೈಸ್ಕೂಲ್ ಮೈದಾನಕ್ಕೆ ಹೋಗಿ, ಅಣ್ಣನ ಕೈಲಿ ಚೆಂಡು ಎಸೆಸಿಕೊಂಡು ಓಡುತ್ತಿದ್ದ. ಸಹಿಯಾದ ಮರುದಿನ ಏದುಸಿರು ಬಿಟ್ಟರೆ ಮರ್ಯಾದೆ ಹೋಗುತ್ತದಲ್ಲ. ಹತ್ತನೆಯ ಬೆಳಿಗ್ಗೆ, ಖುಷಿಯಲ್ಲಿ ಒಂದು ಸುತ್ತು ಹೆಚ್ಚು ಓಡಿದ. ತೊಡೆಯ ಹಿಂದೆ ತಂತಿ ಕಿತ್ತ ಹಾಗಾಯಿತಂತೆ.

‘ಮಲಕ್ಕೋ. ಬೋರಲು.’ ಡೋರೀನ್ ಎಡಗಾಲಿನ ಕಡೆ ಹೋದಳು.

‘ಅದಲ್ಲ, ಈ ಕಡೇದು.’

‘ಬಲಗಾಲಾ?’

‘ಬಲಗಾಲು.’

ಆಕೆ ಹೆಬ್ಬೆರಳಿಟ್ಟಳು. ಜವಾರಿಸ್ ಮೇಜಿನ ಅಂಚನ್ನು ಕಚ್ಚಿ ಹಿಡಿದ. ಡೋರೀನ್ ಕಣ್ಣು ಮುಚ್ಚಿ ಇನ್ನೊಮ್ಮೆ ಒತ್ತಿ, ‘ಅರ್ಧ ಹರಿದಿದೆ. ಪೂರ್ತಿ ಅಲ್ಲ. ನಿನ್ನ ಪುಣ್ಯ’ ಎಂದಳು.

ಏಳೂಕಾಲಿಗೆ ಏಜೆಂಟ್ ಆರ್ಬಾಕ್ ಓಡಿ ಬಂದ. ಅವನ ಬೂಟಿನ ಲೇಸು ಕಟ್ಟಿರಲಿಲ್ಲ, ಆದರೆ ತಲೆಯೊಳಗಿನ ಲೆಕ್ಕ ಬಿಗಿಯಾಗಿಯೇ ಇತ್ತು. ಬಾಗಿಲು ಹಾಕಿ ಹೇಳಿದ: ‘ಇದರಲ್ಲಿ ಏನೂ ಕಷ್ಟ ಇಲ್ಲ. ಹಾಳೆಯಲ್ಲಿ ಒಂಬತ್ತು ದಿನದಿಂದ ಎಡ ಅಂತಿದೆ. ಡಾಕ್ಟರ್ ಹನ್ನೆರಡಕ್ಕೆ ಬಂದು ಎಡಗಾಲು ಒತ್ತಿ ನೋಡ್ತಾರೆ. ಎಡಗಾಲು ಕುದುರೆ ಕಾಲಿನ ಹಾಗಿದೆ. ಎರಡು ಗಂಟೆಗೆ ಸಹಿ. ನಾಳೆ ಮೈದಾನದಲ್ಲಿ ಮೊದಲನೇ ಓಟಕ್ಕೇ ಬೀಳ್ತಾನೆ. ಕೆಲಸದ ಮೇಲೆ ಆದ ಗಾಯ. ಒಂದು ಡಾಲರೂ ಹೋಗಲ್ಲ.’

‘ಬೀಳೋದು ನಿನ್ನ ಕಾಲಲ್ಲ ಫಿಲ್’ ಎಂದಳು ಡೋರೀನ್. ‘ಈಗ ಅರ್ಧ ಹರಿದಿದೆ, ನಾಲ್ಕು ವಾರ. ನಾಳೆ ಅದರ ಮೇಲೆ ಓಡಿದ್ರೆ ಪೂರ್ತಿ ಹರಿಯತ್ತೆ. ಈ ವರ್ಷ ಹೋಯ್ತು. ಆಮೇಲೆ ಬಂದ್ರೂ ಈ ವೇಗ ಬರತ್ತೆ ಅಂತ ನಾನು ಹೇಳಲ್ಲ.’

‘ನೀವು ನಿನ್ನೆ ಬರೆದದ್ದನ್ನೇ ಇವತ್ತೂ ಬರೀರಿ ಅಂತಿದೀನಿ. ಹೊಸದಾಗಿ ಏನೂ ಸುಳ್ಳು ಹೇಳ್ಬೇಕಾಗಿಲ್ಲ.’

ಮಾತು ಸರಿಯಾಗಿಯೇ ಇತ್ತು. ಡೋರೀನ್ ಜವಾರಿಸ್‌ನ ಕಡೆ ತಿರುಗಿದಳು.

‘ನೀನು ಯಾರಿಗೂ ಹೇಳದೆ ಸಹಿ ಹಾಕಬಹುದಿತ್ತಲ್ಲೋ. ಯಾಕೆ ಬಂದೆ?’

‘ನೋವಾಯ್ತು, ಮಿಸ್ ಡೋರೀನ್.’

‘ನೋಡು, ನಾನು ಬಲ ಅಂತ ಬರೀತೀನಿ. ನಿನ್ನ ಬೆನ್ನ ಹಿಂದೆ ಅಲ್ಲ, ಮುಂದೇನೇ ಹೇಳ್ತಿದೀನಿ. ಕರಾರು ಹೋದ್ರೆ ನನ್ನನ್ನ ಬೈಕೋ.’

‘ಹೋಗತ್ತಾ?’

‘ಹೋಗಲ್ಲ. ನಾನು ನೋಡ್ಕೋತೀನಿ.’

ಎಲ್ಲಿಂದ ಬಂತೋ ಆ ಧೈರ್ಯ, ನನಗೆ ಇವತ್ತಿಗೂ ತಿಳಿಯದು. ಕರಾರಿನ ವಿಷಯದಲ್ಲಿ ಆಕೆಯ ಅಧಿಕಾರ ಆ ಹಾಳೆಯ ಅಂಚು ದಾಟುತ್ತಿರಲಿಲ್ಲ. ಜವಾರಿಸ್ ಮುಖವನ್ನು ದಿಂಬಿಗೆ ಒತ್ತಿ ‘ಬರೀರಿ’ ಎಂದ. ಆರ್ಬಾಕ್ ಇಬ್ಬರನ್ನೂ ನೋಡಿ, ಕುರ್ಚಿಯಲ್ಲಿ ಕುಸಿದು, ಕೊನೆಗೂ ಲೇಸು ಕಟ್ಟಿಕೊಂಡ.

ಎಂಟಕ್ಕೆ ಹಾಳೆ ಮೇಲೆ ಹೋಯಿತು. ಎಂಟೂ ಹತ್ತಕ್ಕೆ ರಸ್ ಡೆಗ್ನರ್ ತಾನೇ ಕೆಳಗೆ ಬಂದ. ಅವನು ಕೆಳಗೆ ಬರುವುದು ಅಪರೂಪ. ಮುಲಾಮಿನ ವಾಸನೆ ಅವನಿಗೆ ಆಗದು. ಹಾಳೆ ಹಿಡಿದು ನಗುತ್ತಿದ್ದ.

‘ಡೋರೀನ್, ನಿನಗೆ ವಯಸ್ಸಾಯ್ತು. ಬಲ ಅಂತ ಬರೆದಿದೀಯ.’

‘ಬಲಾನೇ.’

‘ನಿನ್ನೆವರೆಗೂ ಎಡ ಇತ್ತು.’

‘ನಿನ್ನೆವರೆಗೂ ಏನೂ ಇರಲಿಲ್ಲ. ಇವತ್ತು ಇದೆ. ಅರ್ಧ ಹರಿದಿದೆ, ರಸ್.’

ರಸ್ ಕಣ್ಣು ಆರ್ಬಾಕ್‌ನ ಮೇಲೆ ಹೋಯಿತು. ‘ಓಹೋ. ಇನ್ನೂ ಎಳೀತಿದೀರಾ? ಇಪ್ಪತ್ತೇಳು ಸಾಲಲಿಲ್ವಾ?’

ಡೋರೀನ್ ಅವನಿಗೂ ಆರ್ಬಾಕ್‌ಗೂ ನಡುವೆ ಬಂದು ನಿಂತಳು. ‘ಹೆಚ್ಚು ದುಡ್ಡು ಬೇಕಿದ್ರೆ ಎಡಗಾಲಲ್ಲೇ ಇನ್ನೊಂದು ವಾರ ಎಳೀಬಹುದಿತ್ತು. ಸುಳ್ಳು ಹೇಳೋರು ಯಾರಾದ್ರೂ ಹತ್ತನೇ ದಿನ ಕಾಲು ಬದಲಾಯಿಸ್ತಾರಾ?’

ರಸ್‌ನ ನಗು ಮೆಲ್ಲಗೆ ಇಳಿಯಿತು. ಆಗ ಅವನು ಕೇಳಿದ ಪ್ರಶ್ನೆ ಮಾತ್ರ ನಾವ್ಯಾರೂ ನಿರೀಕ್ಷಿಸಿದ್ದಲ್ಲ.

‘ಹಾಗಾದ್ರೆ ಆ ಎಡಗಾಲು?’

‘ಅದು ಸುಳ್ಳು ಅಂತ ನಿನಗೂ ಗೊತ್ತಿತ್ತು.’

‘ನನಗೆ ಗೊತ್ತಿತ್ತು ಅಂತ ಯಾವ ಕಾಗದದಲ್ಲೂ ಇಲ್ಲ. ಕಾಗದದಲ್ಲಿರೋದು ನಿನ್ನ ಸಹಿ.’

‘ಇದೆ. ಒಂಬತ್ತು ದಿನದ ಒಂಬತ್ತು ಸಹಿ. ಹಿಂದಿನ ವರ್ಷಗಳದ್ದೂ ಬೇಕಾದ್ರೆ ಕಪಾಟಿಂದ ತೆಗೆದುಕೊಡ್ತೀನಿ. ಏನು ಶಿಕ್ಷೆಯೋ ಬರೆದು ಕಳಿಸು, ಅದಕ್ಕೂ ಸಹಿ ಹಾಕ್ತೀನಿ. ಮೊದಲು ಇವನ ಕಾಲನ್ನ ಸ್ಕ್ಯಾನ್ ಮಾಡಿಸು.’

ಹತ್ತು ಗಂಟೆಗೆ ಸ್ಕ್ಯಾನ್ ಆಯಿತು. ಡೋರೀನಳ ಹೆಬ್ಬೆರಳು ಹೇಳಿದ್ದನ್ನೇ ಆ ಯಂತ್ರ ಎರಡು ಪುಟದಲ್ಲಿ ಹೇಳಿತು.

ಮೇಲಿನ ಮಹಡಿಯಲ್ಲಿ ಆಗಬೇಕಿದ್ದ ಕೊನೆಯ ಚೌಕಾಸಿ ಕೆಳಗೆ, ನಮ್ಮ ಕೋಣೆಯಲ್ಲಿ, ಮುಲಾಮಿನ ವಾಸನೆಯ ನಡುವೆ ನಡೆಯಿತು, ಏಕೆಂದರೆ ಜವಾರಿಸ್ ಏಳುವಂತಿರಲಿಲ್ಲ. ಅವನು ತೊಡೆಯ ಮೇಲೆ ಐಸ್ ಚೀಲ ಇಟ್ಟುಕೊಂಡು ಬೋರಲಾಗಿದ್ದ. ರಸ್ ಟೇಪಿನ ಡಬ್ಬದ ಮೇಲೆ ಕೂತಿದ್ದ. ಮೂರು ವರ್ಷವನ್ನು ಒಂದು ವರ್ಷ ಮಾಡೋಣ ಎಂದು ಶುರು ಮಾಡಿದ. ಆರ್ಬಾಕ್ ಎದ್ದು ಹೊರಟ. ಬಾಗಿಲವರೆಗೆ ಹೋಗಿ ವಾಪಸು ಬಂದ. ಎರಡು ವರ್ಷ ಎಂದ ರಸ್. ಆರ್ಬಾಕ್ ಮತ್ತೆ ಎದ್ದ. ಈ ಸಲ ಬಾಗಿಲವರೆಗೂ ಹೋಗಲಿಲ್ಲ.

‘ಅವನು ಯಾವ ಆಟಕ್ಕೆ ಬರ್ತಾನೆ?’ ಎಂದು ರಸ್ ಡೋರೀನಳನ್ನು ಕೇಳಿದ.

‘ಮೂರನೇ ಆಟಕ್ಕೆ.’

‘ಬರೆದು ಕೊಡ್ತೀಯಾ?’

‘ಕೊಡ್ತೀನಿ.’

‘ನಿನ್ನ ಬರಹಕ್ಕೆ ಈಗ ಎಷ್ಟು ಬೆಲೆ ಅಂತ ನಿನಗೇ ಗೊತ್ತು.’

‘ಹಳೇದು ಬಿಡು. ಇವತ್ತಿಂದ ಬೆಲೆ ಕಟ್ಟು’ ಎಂದು ಡೋರೀನ್ ಐಸ್ ಚೀಲ ಬದಲಾಯಿಸಿದಳು.

ರಸ್ ಆಕೆಯ ಕೈಯನ್ನೇ ನೋಡಿದ. ಆಮೇಲೆ ಆರ್ಬಾಕ್‌ಗೆ ಹೇಳಿದ: ‘ಮೂರು ವರ್ಷ ಇರಲಿ. ಆದ್ರೆ ಮೊದಲನೇ ವರ್ಷದ ದುಡ್ಡಲ್ಲಿ ಎರಡು ಮಿಲಿಯನ್ ಆಟಕ್ಕಿಷ್ಟು ಅಂತ ಹಂಚಿಬಿಡೋಣ. ಉಡುಪು ತೊಟ್ಟು ಮೈದಾನಕ್ಕಿಳಿದ ಆಟಕ್ಕೆ ಮಾತ್ರ ಆ ದುಡ್ಡು.’

ಆರ್ಬಾಕ್ ಬಾಯಿ ತೆರೆಯುವುದರೊಳಗೆ ದಿಂಬಿನೊಳಗಿಂದ ಜವಾರಿಸ್ ‘ಆಯ್ತು’ ಎಂದ. ಅಷ್ಟು ದಿನದ ಮಾತುಕತೆಯಲ್ಲಿ ಅವನು ಸ್ವತಃ ಆಡಿದ್ದು ಅದೊಂದೇ ಮಾತು. ಸಹಿಯನ್ನೂ ಬೋರಲಾಗಿಯೇ ಹಾಕಿದ; ಅಕ್ಷರ ಸೊಟ್ಟಗಾಗಿದೆ ಎಂದು ಡೋರೀನ್ ಗೊಣಗಿದಳು.

ಆಕೆಗೆ ಒಂದು ವಾರದ ಸಂಬಳ ಕಡಿತವಾಯಿತು, ಫೈಲಿಗೊಂದು ಎಚ್ಚರಿಕೆಯ ಪತ್ರ ಸೇರಿತು. ಆ ವಾರವೂ ಆಕೆ ಎಂದಿನಂತೆ ಆರು ಗಂಟೆಗೇ ಬಂದಳು. ಭಾನುವಾರ ಜವಾರಿಸ್‌ನನ್ನು ಮನೆಗೆ ಕರೆದು, ಕೆಂಪು ಮೆಣಸಿನ ಪುಡಿ ಹಾಕಿದ ಕೋಳಿ ಸಾರು ಬಡಿಸಿ, ಕುರ್ಚಿಯ ಮೇಲೆ ಕಾಲು ಚಾಚಿಸಿ ವ್ಯಾಯಾಮ ಮಾಡಿಸಿದಳು.

ಸೆಪ್ಟೆಂಬರಿನಲ್ಲಿ ಭಾನುವಾರಕ್ಕೊಂದರಂತೆ ಪಂದ್ಯಗಳು ಶುರುವಾಗಿ, ಮೂರನೆಯ ಆಟದ ವಾರ ಬಂತು. ಗುರುವಾರ ಜವಾರಿಸ್ ಹುಲ್ಲಿನ ಮೇಲೆ ಓಡಿ ತೋರಿಸಿದ. ನಮ್ಮ ಕಣ್ಣಿಗೆ ಜಿಂಕೆ. ಡೋರೀನ್ ಮೇಜಿನ ಮೇಲೆ ಮಲಗಿಸಿ ಒತ್ತಿದಳು.

‘ಇನ್ನೊಂದು ವಾರ.’

‘ಮಿಸ್ ಡೋರೀನ್, ಒಂದು ಆಟ ಅಂದ್ರೆ ಎಷ್ಟು ದುಡ್ಡು ಗೊತ್ತಾ? ನೀವೇ ಮೂರನೇದು ಅಂತ ಬರೆದುಕೊಟ್ಟಿದ್ರಿ.’

‘ತಪ್ಪು ಬರೆದಿದ್ದೆ. ಮೇಲೆ ಹೋಗಿ ಹಾಗೇ ಹೇಳ್ತೀನಿ.’

ಅವನು ಮುಖ ಊದಿಸಿಕೊಂಡು ಬಾಗಿಲು ದಡ್ಡೆಂದು ಹಾಕಿ ಹೋದ. ಡೋರೀನ್ ಮೆಟ್ಟಿಲು ಹತ್ತಿದಳು. ಒಂದು ಪೆಟ್ಟಿಗೆ ಟೇಪು ಕೇಳುವುದಿತ್ತು, ನಾನೂ ಜೊತೆಗೆ ಹೋದೆ. ರಸ್ ಮೇಜಿನ ಮೇಲೆ ಸ್ಯಾಂಡ್‌ವಿಚ್ ಬಿಚ್ಚಿಕೊಂಡಿದ್ದ.

‘ಟಾಲಿವರ್ ನಾಲ್ಕನೇ ಆಟಕ್ಕೆ. ಮೂರಕ್ಕಲ್ಲ. ನನ್ನ ಲೆಕ್ಕ ಒಂದು ವಾರ ತಪ್ಪಿತು’ ಎಂದಳು ಡೋರೀನ್.

ರಸ್ ತಲೆಯೆತ್ತಿ ಆಕೆಯನ್ನು ನೋಡಿದ. ಸ್ಕ್ಯಾನ್ ಕೇಳಲಿಲ್ಲ, ಡಾಕ್ಟರನ್ನು ಕೇಳಲಿಲ್ಲ. ‘ಸರಿ, ನಾಲ್ಕು’ ಎಂದು ಗೋಡೆಯ ಮೇಲಿನ ಆಟಗಳ ಹಲಗೆಯಲ್ಲಿ ಅವನ ಹೆಸರನ್ನು ಒಂದು ಸಾಲು ಕೆಳಗೆ ಇಳಿಸಿ, ಸ್ಯಾಂಡ್‌ವಿಚ್ಚಿಗೆ ಮರಳಿದ.

ನಾಲ್ಕನೆಯ ಭಾನುವಾರ, ಆಟದ ಎರಡನೇ ಕಾಲು ಭಾಗದಲ್ಲಿ ಜವಾರಿಸ್ ನಮ್ಮೆದುರಿನ ಅಂಚಿನಲ್ಲೇ ಹೊರಟ. ಚೆಂಡು ಎತ್ತರಕ್ಕೆ ಹೋಯಿತು. ಅರವತ್ತು ಸಾವಿರ ಜನ ಕತ್ತೆತ್ತಿ ಆಕಾಶ ನೋಡಿದರು. ಡೋರೀನ್ ಮಾತ್ರ ಬಗ್ಗಿ, ಮೊಣಕಾಲ ಮೇಲೆ ಕೈಯೂರಿ, ಅವನ ಬಲ ತೊಡೆಯ ಹಿಂಭಾಗವನ್ನೇ ನೋಡುತ್ತಿದ್ದಳು. ಹದಿನೈದು ಹೆಜ್ಜೆ, ಇಪ್ಪತ್ತು, ಮೂವತ್ತು. ಮೈದಾನ ಗುಡುಗಿತು. ಆಕೆ ನೆಟ್ಟಗೆ ನಿಂತು ಬೆನ್ನು ಸವರಿಕೊಂಡಳು.

‘ಕಾಲು ಚೆನ್ನಾಗಿದೆ’ ಎಂದು ನನ್ನ ಕಡೆ ತಿರುಗಿದಳು. ‘ಚೆಂಡು ಹಿಡಿದ್ನಾ?’